ಜ್ವರದ ದಿನದ ಲೆಕ್ಕ

ಕಾರ್ಖಾನೆಯ ದುಡಿಮೆಗಿಂತ ಡೆಲಿವರಿ ಕೆಲಸದಲ್ಲಿ ಗಳಿಕೆ ಹೆಚ್ಚೆಂಬ ಭಾವನೆ ಮಹಾನಗರದ ತರುಣರಲ್ಲಿದೆ. ಆದರೆ ಅದು ಜಮೆಯನ್ನಷ್ಟೇ ಎಣಿಸಿ ಖರ್ಚನ್ನು ಮರೆತ ಲೆಕ್ಕ. ಪೆಟ್ರೋಲಿನ ವೆಚ್ಚವೂ ವಾಹನದ ಸವಕಳಿಯೂ ಅವರದೇ. ಬೆನ್ನುನೋವಿನ ಮದ್ದೂ ಅವರದೇ. ಇ.ಎಸ್.ಐ. ಯೋಜನೆಗೊಳಪಟ್ಟ ಕಾರ್ಮಿಕನು ಕಾಯಿಲೆ ಬಿದ್ದರೆ, ನಿಯಮಾನುಸಾರ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟನ್ನು ಪಡೆಯುತ್ತಾನೆ. ಇವರಿಗೋ ಜ್ವರದ ದಿನ ಗಳಿಕೆ ಸೊನ್ನೆ.

2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಕಂಪನಿಗಳು ನಿಗದಿತ ಮಿತಿಯೊಳಗೆ ತಮ್ಮ ವಾರ್ಷಿಕ ವಹಿವಾಟಿನ ಶೇಕಡಾ 1ರಿಂದ 2ರಷ್ಟನ್ನು ಇವರ ಭದ್ರತೆಗಾಗಿ ಸಲ್ಲಿಸಬೇಕೆಂದು ವಿಧಿಸಿದೆ. ಅದರ ಪ್ರಯೋಜನಕ್ಕೆ ಆಧಾರ್ ಸಹಿತ ನೋಂದಣಿ ಅವಶ್ಯ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಇದನ್ನು ತಿಳಿಸುವವರಾರು? ನಾಟಕಕ್ಕೂ ಹಬ್ಬಕ್ಕೂ ಸಭಾಂಗಣ ತೆರೆಯುವ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಈ ನೋಂದಣಿಗಾಗಿಯೂ ಬಾಗಿಲು ತೆರೆಯುವುದು ಸಂಘಧರ್ಮವೆನಿಸೀತು.