ಗೋಧಿ ನಾಡಿನ ಕಿರು ರೈಲುಮಾರ್ಗ: ಉಳಿಸುವ ಹೊಣೆ ಯಾರದು?

ಬೆಳೆ ಚೆನ್ನಾಗಿ ಬಂದರೆ ಸಾಲದು. ಅದು ಪೇಟೆ ಮುಟ್ಟಬೇಕು. ಪೇಟೆಯ ಬೆಲೆಯಲ್ಲಿ ಸಾಗಾಣಿಕೆ ವೆಚ್ಚ ಕಳೆದು ಉಳಿದದ್ದೇ ರೈತನ ಬೆಲೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಗೋಧಿ ಬೆಳೆಗಾರರ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ಅಲ್ಲಿನ ದೊಡ್ಡ ರೈಲ್ವೆಗಳು ಖಾಸಗಿ ಕಂಪನಿಗಳ ಸ್ವತ್ತು. 1980ರ ಸ್ಟ್ಯಾಗರ್ಸ್ ಕಾಯಿದೆಯ ನಂತರ ಲಾಭ ತರದ ಕವಲು ಮಾರ್ಗಗಳನ್ನು ಮುಚ್ಚುವುದು, ಮಾರುವುದು ಅವುಗಳಿಗೆ ಸುಲಭವಾಯಿತು. ಅಂಥ ಮಾರ್ಗಗಳನ್ನು ಕೊಂಡ ಸಣ್ಣ ಕಂಪನಿಗಳು ಕೆಲವೇ ಎಂಜಿನ್, ಕೆಲವೇ ನೌಕರರಿಂದ ಗೂಡ್ಸ್ ಗಾಡಿ ಓಡಿಸುತ್ತವೆ. ಹಳ್ಳಿಯ ಉಗ್ರಾಣಗಳ ಬಳಿ ಖಾಲಿ ವ್ಯಾಗನ್ ಬಿಟ್ಟು, ತುಂಬಿದವನ್ನು ಎಳೆದು ತಂದು, ಜಂಕ್ಷನ್ನಿನಲ್ಲಿ ದೊಡ್ಡ ರೈಲ್ವೆಗೆ ಒಪ್ಪಿಸುವುದು ಇವುಗಳ ಕೆಲಸ. ಒಂದು ವ್ಯಾಗನ್ನಿನಲ್ಲಿ ಸುಮಾರು 900 ಕ್ವಿಂಟಲ್ ಗೋಧಿ ಹಿಡಿಯುತ್ತದೆ. ಅಷ್ಟಕ್ಕೆ ಮೂರು ನಾಲ್ಕು ಲಾರಿ ಬೇಕು.

ತೊಡಕಿರುವುದು ಹಳಿಯ ದುರಸ್ತಿಯಲ್ಲಿ. ಬಸಿಗಾಲುವೆ ಇಲ್ಲದ ಹೊಲದಂತೆ, ಜಲ್ಲಿಯಲ್ಲಿ ಮಣ್ಣು ಸೇರಿ ನೀರು ನಿಂತರೆ ಹಳಿಯ ಬುಡ ಸಡಿಲವಾಗುತ್ತದೆ, ಮರದ ಸ್ಲೀಪರುಗಳು ಕೊಳೆಯುತ್ತವೆ. ಕೆಳದರ್ಜೆಯ ಹಳಿಯ ಮೇಲೆ ಗೂಡ್ಸ್ ಗಾಡಿ ಗಂಟೆಗೆ ಸುಮಾರು 16 ಕಿ.ಮೀ. ಮೀರುವಂತಿಲ್ಲ. ವೇಗ ತಗ್ಗಿದರೆ ಖರ್ಚು ಏರುತ್ತದೆ. ಸರಕು ಲಾರಿಗೆ ಹೋಗುತ್ತದೆ. ದುರಸ್ತಿಗೆ ಹಣ ಮತ್ತಷ್ಟು ಕಡಿಮೆಯಾಗುತ್ತದೆ.

ಇದನ್ನು ತಪ್ಪಿಸಲು ಆ ರಾಜ್ಯ ಸರ್ಕಾರ 2004ರಿಂದ 2007ರ ಅವಧಿಯಲ್ಲಿ ಪಲೂಸ್ ರಿವರ್ ಅಂಡ್ ಕೂಲೀ ಸಿಟಿ ಎಂಬ ಸುಮಾರು 478 ಕಿ.ಮೀ. ಮಾರ್ಗವನ್ನು ಕೊಂಡಿತು. ಹಳಿ ಸರ್ಕಾರದ್ದು, ಗಾಡಿ ಓಡಿಸುವವು ಖಾಸಗಿ ಕಂಪನಿಗಳು. ತೆರಿಗೆಯ ಹಣ ಇದಕ್ಕೇಕೆ ಎಂದು ಕೇಳಬಹುದು. ರೈಲು ನಿಂತರೆ ಅದೇ ಗೋಧಿ ಲಾರಿಗಳಲ್ಲಿ ರಸ್ತೆಗಿಳಿಯುತ್ತದೆ. ರಸ್ತೆಯ ದುರಸ್ತಿಗೂ ತೆರಿಗೆಯ ಹಣವೇ ಬೇಕು. ಆದ್ದರಿಂದ ಸರ್ಕಾರದ ಕ್ರಮ ಸರಿಯೆಂದೇ ನನ್ನ ಅಭಿಪ್ರಾಯ.

ಆದರೆ ಸರ್ಕಾರ ಕೊಂಡರಷ್ಟೇ ಮಾರ್ಗ ಉಳಿಯದು. ಮುಖ್ಯ ಮಾರ್ಗದ ಮೇಲೆ ಒಮ್ಮೆಲೇ 110 ವ್ಯಾಗನ್ ತುಂಬುವ ದೊಡ್ಡ ಕೇಂದ್ರಗಳಿಗೆ ದೊಡ್ಡ ರೈಲ್ವೆಗಳು ಕಡಿಮೆ ದರ ಕೊಡುತ್ತವೆ. ರೈತ ನೇರವಾಗಿ ಅಲ್ಲಿಗೇ ಲಾರಿ ಹೊಡೆದರೆ ಈ ವರ್ಷ ನಾಲ್ಕು ಕಾಸು ಉಳಿಯಬಹುದು. ಊರಿನ ಮಾರ್ಗ ಮಾತ್ರ ಬರಿದಾಗುತ್ತದೆ. ಯಾವ ಮಾರ್ಗಕ್ಕೆ ಎಷ್ಟು ಸರಕು ಕೊಡುವೆವೆಂದು ಸಹಕಾರ ಸಂಘಗಳು ಸುಗ್ಗಿಗೆ ಮೊದಲೇ ಮಾತು ಕೊಡಬೇಕು. ಹಾಗೆ ಮಾತು ಕೊಡಲಾಗದ ಕಡೆ ಮಾರ್ಗ ಮುಚ್ಚುವುದೇ ಲೇಸು.

ನಮ್ಮ ರೈಲ್ವೆ ಕೇಂದ್ರ ಸರ್ಕಾರದ್ದಾದ್ದರಿಂದ ಆ ಏರ್ಪಾಡು ಇಲ್ಲಿಗೆ ಹಾಗೆಯೇ ಹೊಂದದು. ಆದರೂ ಒಬ್ಬ ರೈತನ ಚೀಲಗಳಿಂದ ವ್ಯಾಗನ್ ತುಂಬದು, ಸಂಘದ ರಾಶಿಯಿಂದ ತುಂಬುತ್ತದೆ ಎಂಬುದನ್ನು ರೈತ ಬಾಂಧವರು ಮನಗಾಣಬೇಕು.