ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ರಾತ್ರಿ ಕೊಡಿ

ನಮ್ಮ ರಾಜ್ಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುವ ಮಕ್ಕಳು ನಕ್ಷತ್ರಗಳ ಬಗ್ಗೆ ಬಹಳ ಬಲ್ಲರು. ಚಂದ್ರಶೇಖರ್ ಮಿತಿ ಹೇಗೆ ಬಂತೆಂದು ಬೋರ್ಡಿನ ಮೇಲೆ ಹಂತಹಂತವಾಗಿ ಬಿಡಿಸಿ ತೋರಿಸುತ್ತಾರೆ. ಬಣ್ಣದಿಂದ ಉಷ್ಣತೆ ಲೆಕ್ಕ ಹಾಕುವ ಸೂತ್ರ ಅವರಿಗೆ ಬಾಯಿಪಾಠ. ಆದರೆ ನನ್ನ ತರಗತಿಯಲ್ಲಿ ಕೂತವರ ಪೈಕಿ ಒಂದು ನಕ್ಷತ್ರದ ಬೆಳಕನ್ನಾದರೂ ತಾವೇ ಅಳೆದವರು ಬೆರಳೆಣಿಕೆಯಷ್ಟು. ಖಗೋಳ ಭೌತಶಾಸ್ತ್ರ ಕಲಿಸುತ್ತ, ಅದರ ನಡುವೆಯೇ ಜೋಡಿ ನಕ್ಷತ್ರಗಳ ಬೆನ್ನು ಹತ್ತಿರುವ ನಾನು ವಿಶ್ವವಿದ್ಯಾಲಯಗಳನ್ನು ಕೇಳುವುದು ಒಂದೇ ಒಂದು. ಪದವಿ ಕೈಗೆ ಬರುವ ಮುನ್ನ ಈ ಮಕ್ಕಳಿಗೆ ಸಂಶೋಧಕರು ಬಳಸುವ ಟೆಲಿಸ್ಕೋಪಿನಲ್ಲಿ ಒಂದು ಪೂರ್ತಿ ರಾತ್ರಿ ಸಿಗಲಿ. ಪ್ರವಾಸವಾಗಿ ಅಲ್ಲ, ಅಂಕವಿರುವ ಪ್ರಯೋಗವಾಗಿ.

ಇದು ದೂರದ ಕನಸೇನಲ್ಲ. ಭಾರತೀಯ ಖಭೌತ ಸಂಸ್ಥೆ ಇರುವುದೇ ಬೆಂಗಳೂರಿನ ಕೋರಮಂಗಲದಲ್ಲಿ. ಅದರ ಕವಲೂರು ವೀಕ್ಷಣಾಲಯ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾಡಿನೊಳಗಿದೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಅದೇ ಸಂಸ್ಥೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದ ಸರಸ್ವತಿ ಪರ್ವತದ ಮೇಲಿದೆ. ಅದನ್ನು ನಡೆಸುವ ಕೋಣೆ ಮಾತ್ರ ನಮ್ಮ ಹೊಸಕೋಟೆಯಲ್ಲಿ! ಉಪಗ್ರಹದ ಮೂಲಕ ಇಲ್ಲಿಂದ ಆದೇಶ ಹೋಗುತ್ತದೆ, ಅಲ್ಲಿ ಡೋಮ್ ತಿರುಗುತ್ತದೆ. ಸಂಜೆ ಹೊಸಕೋಟೆಯ ಬಸ್ಸಿಳಿದು, ರಾತ್ರಿಯಿಡೀ ಲಡಾಖಿನ ಆಕಾಶದಲ್ಲಿ ಕೆಲಸ ಮಾಡಿ, ಬೆಳಿಗ್ಗೆ ಅದೇ ದಾರಿಯಲ್ಲಿ ಮನೆಗೆ ಮರಳುವವರಿದ್ದಾರೆ. ಅವರಲ್ಲಿ ನಾನೂ ಒಬ್ಬಳು.

ಒಂದು ರಾತ್ರಿಯಿಂದ ಏನು ಕಲಿಯುತ್ತಾರೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಲಿಕೆ ಶುರುವಾಗುವುದು ರಾತ್ರಿಗಿಂತ ವಾರಗಳ ಮೊದಲು. ಡಬ್ಲ್ಯು ಉರ್ಸೆ ಮೇಜೊರಿಸ್ ಎಂಬ ಜೋಡಿಯನ್ನೇ ತೆಗೆದುಕೊಳ್ಳಿ. ಸಪ್ತರ್ಷಿ ಮಂಡಲವಿರುವ ರಾಶಿಯ ಈ ಎರಡು ನಕ್ಷತ್ರಗಳು ಒಂದಕ್ಕೊಂದು ತಾಗಿಕೊಂಡೇ ಸುಮಾರು ಎಂಟು ಗಂಟೆಗೊಂದು ಸುತ್ತು ಹಾಕುತ್ತವೆ. ನಾಲ್ಕು ಗಂಟೆಗೊಮ್ಮೆ ಒಂದು ಇನ್ನೊಂದನ್ನು ಮರೆಮಾಡುವುದರಿಂದ ಜೋಡಿಯ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು ಮತ್ತೆ ಏರುತ್ತದೆ. ಒಂದೇ ರಾತ್ರಿಯಲ್ಲಿ ಎರಡು ಗ್ರಹಣ ಸಿಕ್ಕರೆ ಆ ನಕ್ಷತ್ರಗಳ ಗಾತ್ರ, ಕಕ್ಷೆಯ ಓರೆ, ಉಷ್ಣತೆಯ ವ್ಯತ್ಯಾಸ ಎಲ್ಲದರ ಎಳೆಯೂ ವಿದ್ಯಾರ್ಥಿಯ ಕೈಗೆ ಬರುತ್ತದೆ.

ಆದರೆ ಎರಡೂ ಸಿಗಬೇಕಲ್ಲ. ಈ ಜೋಡಿ ನಡುರಾತ್ರಿಗೆ ಆಕಾಶದ ಅತಿ ಎತ್ತರಕ್ಕೆ ಬರುವುದು ಫೆಬ್ರುವರಿ ಮಧ್ಯದಲ್ಲಿ. ಆಗಸ್ಟಿನಲ್ಲಿ ಕೇಳಿದರೆ ಸೂರ್ಯ ಅಡ್ಡ ಬರುತ್ತಾನೆ. ಕವಲೂರು ದಕ್ಷಿಣಕ್ಕಿರುವುದರಿಂದ ಅಲ್ಲಿ ಅದು ನಡುನೆತ್ತಿಗೆ ಏರುವುದಿಲ್ಲ, ಉತ್ತರದಲ್ಲಿ 47 ಡಿಗ್ರಿಯಷ್ಟು ಎತ್ತರಕ್ಕೆ ಬಂದು ಇಳಿಯುತ್ತದೆ. ದಿಗಂತದಿಂದ 30 ಡಿಗ್ರಿಗಿಂತ ಕೆಳಗೆ ಇಳಿದರೆ, ನೆತ್ತಿಯಲ್ಲಿರುವ ನಕ್ಷತ್ರದ ಬೆಳಕು ದಾಟುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿಯನ್ನು ಇದರ ಬೆಳಕು ದಾಟಬೇಕು, ಅಳತೆ ಕೆಡುತ್ತದೆ. ಹೀಗೆ ಲೆಕ್ಕ ಹಾಕುತ್ತ ಬಂದರೆ ಕೈಯಲ್ಲಿ ಉಳಿಯುವುದು ಏಳು ಗಂಟೆ. ಆ ಏಳು ಗಂಟೆಯೊಳಗೆ ಎರಡು ಗ್ರಹಣ ಬೀಳುವ ದಿನಾಂಕ ಯಾವುದು? ಆ ದಿನ ಚಂದ್ರ ಎಲ್ಲಿರುತ್ತಾನೆ? ಹೋಲಿಕೆಗೆ ಪಕ್ಕದ ಯಾವ ನಕ್ಷತ್ರ ಬೇಕು, ಅದು ಸ್ವತಃ ಬೆಳಕು ಬದಲಿಸುವ ಜಾತಿಯದಲ್ಲ ತಾನೆ? ಇಷ್ಟು ಪ್ರಶ್ನೆಗೆ ಉತ್ತರ ಬರೆದು, ಆಕಾಶದ ಆ ತುಣುಕಿನ ನಕ್ಷೆಯನ್ನು ಮುದ್ರಿಸಿ, ಯಾವ ಫಿಲ್ಟರಿಗೆ ಎಷ್ಟು ಸೆಕೆಂಡು ಎಂಬ ಪಟ್ಟಿ ಮಾಡಿಕೊಂಡ ವಿದ್ಯಾರ್ಥಿಗೆ ಗೋಳ ತ್ರಿಕೋನಮಿತಿ ಮತ್ತೆ ಮರೆಯುವುದಿಲ್ಲ. ನನ್ನ ಮಾತು ನಂಬಿ, ಎರಡು ಸೆಮಿಸ್ಟರಿನ ಪಾಠ ಮಾಡದ ಕೆಲಸವನ್ನು ಈ ಒಂದು ಪಟ್ಟಿ ಮಾಡುತ್ತದೆ.

ಇನ್ನು ರಾತ್ರಿ. ಅದು ಸಂಜೆಗೇ ಶುರುವಾಗುತ್ತದೆ. ಕ್ಯಾಮೆರಾದ ಸಿಸಿಡಿಯನ್ನು ತಣ್ಣಗಿಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ತುಂಬಿರಬೇಕು. ಕ್ಯಾಮೆರಾ ಮುಚ್ಚಿಟ್ಟು ಬಯಸ್ ಚಿತ್ರಗಳನ್ನು ತೆಗೆಯಬೇಕು. ಬೆಳಕೇ ಇಲ್ಲದಾಗಲೂ ಸಿಸಿಡಿ ತೋರಿಸುವ ಸಂಖ್ಯೆ ಅದು. ಸೂರ್ಯ ಮುಳುಗಿದ ಮೇಲೆ, ನಕ್ಷತ್ರಗಳು ಮೂಡುವ ಮೊದಲು, ಬರಿಯ ಆಕಾಶದ ಚಿತ್ರ ತೆಗೆಯಬೇಕು. ನಮ್ಮವರು ಫ್ಲ್ಯಾಟ್ ಅನ್ನುವುದು ಇದಕ್ಕೇ. ಲೆನ್ಸಿನ ಮೇಲಿನ ಧೂಳಿನ ನೆರಳು, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ವ್ಯತ್ಯಾಸ ಎಲ್ಲ ಅದರಲ್ಲಿ ಕಾಣುತ್ತದೆ, ಆಮೇಲೆ ಲೆಕ್ಕದಲ್ಲಿ ತೆಗೆದುಹಾಕಬಹುದು. ಆ ಹೊತ್ತು ಕೆಲವೇ ನಿಮಿಷ. ಮೊದಲು ತೆಗೆದರೆ ಚಿತ್ರವೆಲ್ಲ ಬಿಳಿ, ತಡವಾದರೆ ನಕ್ಷತ್ರಗಳು ಬಂದುಬಿಡುತ್ತವೆ. ಪ್ರತಿ ಚಿತ್ರಕ್ಕೂ ಸೆಕೆಂಡುಗಳನ್ನು ಏರಿಸುತ್ತ ಹೋಗಬೇಕು. ಗೌಜಿಲ್ಲದ ಕೋಣೆಯಲ್ಲಿ ವಿದ್ಯಾರ್ಥಿ ಮೊದಲ ಸಲ ಬೆವರುವುದು ಇಲ್ಲೇ, ಮತ್ತು ಇಲ್ಲಿ ಬೆವರಿದವರು ಮುಂದೆ ಎಲ್ಲಿಯೂ ಅಳತೆಯ ದೋಷವನ್ನು ಹಗುರವಾಗಿ ಕಾಣುವುದಿಲ್ಲ.

ಕತ್ತಲಾದ ಮೇಲೆ ಫೋಕಸ್. ಉಷ್ಣತೆ ಇಳಿದಂತೆ ಟೆಲಿಸ್ಕೋಪಿನ ಚೌಕಟ್ಟು ಕುಗ್ಗುತ್ತದೆ, ನಡುರಾತ್ರಿಗೆ ಮತ್ತೆ ಫೋಕಸ್ ಮಾಡಬೇಕಾಗುತ್ತದೆ. ರೋಹಿತ ತೆಗೆಯುವವರಾದರೆ ಪ್ರತಿ ಗುರಿಗೂ ದೀಪದ ಚಿತ್ರ ಬೇಕು, ಪ್ರಮಾಣಿತ ನಕ್ಷತ್ರ ಬೇಕು. ಹಾನ್ಲೆಯಂಥ ಎತ್ತರದಲ್ಲಿ ವಿಶ್ವಕಿರಣಗಳ ಏಟು ಜಾಸ್ತಿ. ಅದಕ್ಕೇ ಒಂದು ಗಂಟೆಯ ಚಿತ್ರವನ್ನು ಒಂದೇ ಉಸಿರಿಗೆ ತೆಗೆಯದೆ ತುಂಡು ತುಂಡಾಗಿ ತೆಗೆಯುತ್ತಾರೆ. ಹೊಸಕೋಟೆಯ ಪರದೆಯ ಒಂದು ಮೂಲೆಯಲ್ಲಿ ತೇವಾಂಶ, ಗಾಳಿಯ ವೇಗ ಸದಾ ಕಣ್ಣೆದುರಿಗಿರುತ್ತವೆ. ಮಿತಿ ಮೀರಿದರೆ ಡೋಮ್ ಮುಚ್ಚಲೇಬೇಕು. ಬೆಟ್ಟದ ಮೇಲಿರುವ ಸಿಬ್ಬಂದಿ ಮುಚ್ಚಿ ಎಂದರೆ ಮುಗಿಯಿತು. ನಿಮ್ಮ ಗ್ರಹಣ ಇನ್ನು ಹತ್ತು ನಿಮಿಷಕ್ಕಿದ್ದರೂ ಅಷ್ಟೇ.

ಆ ರಾತ್ರಿ ನಿಮ್ಮದೇ ಆಗಿ ಉಳಿಯುತ್ತದೆ ಎಂದೂ ಇಲ್ಲ. 2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಅವರು ಎಂ101 ಗ್ಯಾಲಕ್ಸಿಯಲ್ಲಿ ಹೊಸ ಸೂಪರ್‌ನೋವಾ ಕಂಡರು. ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರ, ಅಂದರೆ ಅದು ನೆರೆಮನೆ. ಜಗತ್ತಿನ ಟೆಲಿಸ್ಕೋಪುಗಳೆಲ್ಲ ಅತ್ತ ತಿರುಗಿದವು, ಹಾನ್ಲೆಯದೂ ತಿರುಗಿತು. ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಸಿಕ್ಕ ರೋಹಿತದಲ್ಲಿ ಮಾತ್ರ, ಸಾಯುವ ಮುನ್ನ ಆ ನಕ್ಷತ್ರ ತನ್ನ ಸುತ್ತ ಉಗುಳಿದ್ದ ಅನಿಲದ ಗುರುತು ಇತ್ತು. ಆಮೇಲೆ ಅದು ಅಳಿಸಿಹೋಯಿತು. ಇಂಥ ಸಮಯದಲ್ಲಿ ಬೇರೆಯವರ ಸರದಿಯನ್ನು ತಡೆದು ಟೆಲಿಸ್ಕೋಪನ್ನು ತಿರುಗಿಸುವ ಏರ್ಪಾಡು ಎಲ್ಲ ದೊಡ್ಡ ವೀಕ್ಷಣಾಲಯಗಳಲ್ಲೂ ಇದೆ. ಸರದಿ ಬಿಟ್ಟುಕೊಟ್ಟವರು ಗೊಣಗುವುದನ್ನು ನಾನು ಕೇಳಿಲ್ಲ. ವಿಜ್ಞಾನಿಗಳ ಸಮುದಾಯ ಹೇಗೆ ಬದುಕುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ಹೇಳಲಾರದು.

ಕವಲೂರಿಗೇ ಬಂದರೆ, 1977ರ ಮಾರ್ಚ್ 10ರ ರಾತ್ರಿಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ಟೆಲಿಸ್ಕೋಪಿನಲ್ಲಿ ಕಾಯುತ್ತಿದ್ದರು. ಗ್ರಹ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿದ್ದು ಅವರ ದಾಖಲೆಯಲ್ಲಿತ್ತು. ವಿಮಾನದೊಳಗಿನ ಟೆಲಿಸ್ಕೋಪಿನಿಂದ ನೋಡುತ್ತಿದ್ದ ಅಮೆರಿಕದ ತಂಡಕ್ಕೂ ಅಂಥ ಕುಗ್ಗುಗಳು ಸಿಕ್ಕವು. ಯುರೇನಸ್‌ಗೆ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ಹೇಳಿದ ಸಮಯಕ್ಕೆ ಸರಿಯಾಗಿ ಕುರ್ಚಿಯಲ್ಲಿ ಕೂರುವವರಾಗಿದ್ದರೆ ಅವರಿಗೆ ಇದು ಸಿಗುತ್ತಿರಲಿಲ್ಲ.

ಸಾಧ್ಯವಾದ ಕೆಲವರನ್ನು ಹಾನ್ಲೆಯ ಬೆಟ್ಟಕ್ಕೂ ಕಳಿಸಬೇಕು. ಲೇಹ್‌ನಲ್ಲಿ, 3500 ಮೀಟರಿನಲ್ಲಿ, ಒಂದೆರಡು ದಿನ ಸುಮ್ಮನಿದ್ದು ಉಸಿರು ಹೊಂದಿಸಿಕೊಂಡು, ಸಿಂಧೂ ನದಿಯ ಪಕ್ಕದಲ್ಲೇ ಬಹುದೂರ ಸಾಗಿ ಹಾನ್ಲೆ ತಲುಪಿದ ಮೇಲೆಯೇ, ಪರದೆಯ ಮೇಲೆ ನೋಡುತ್ತಿದ್ದ ಸಂಖ್ಯೆಗಳ ಹಿಂದೆ ಯಾರಿದ್ದಾರೆಂದು ಅರಿವಾಗುವುದು. ಚಳಿಗಾಲದಲ್ಲಿ ಮೈನಸ್ 25 ಡಿಗ್ರಿಗೆ ಇಳಿಯುವ ಜಾಗದಲ್ಲಿ, ಸಮುದ್ರಮಟ್ಟದ ಅರುವತ್ತು ಶೇಕಡಕ್ಕಿಂತ ಕಡಿಮೆ ಆಮ್ಲಜನಕದಲ್ಲಿ, ಏಣಿ ಹತ್ತಿ ಸಾರಜನಕ ತುಂಬುವ ಲಡಾಖಿ ತಂತ್ರಜ್ಞರಿಲ್ಲದೆ ಹೊಸಕೋಟೆಯ ಮೌಸ್ ಕ್ಲಿಕ್ಕಿಗೆ ಅರ್ಥವಿಲ್ಲ. ಹಾನ್ಲೆಯ ಸುತ್ತಲಿನ ಹಳ್ಳಿಗಳವರು ರಾತ್ರಿ ಕಿಟಕಿಗೆ ದಪ್ಪ ಪರದೆ ಎಳೆದು, ದೀಪಗಳಿಗೆ ಮರೆ ಕಟ್ಟಿ ಕತ್ತಲನ್ನು ಕಾಯುತ್ತಾರೆ. 2022ರಲ್ಲಿ ಆ ಪ್ರದೇಶವನ್ನು ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಿದ ಮೇಲೆ ಹಳ್ಳಿಯ ಯುವಜನರೇ ಪ್ರವಾಸಿಗರಿಗೆ ಟೆಲಿಸ್ಕೋಪ್ ತೋರಿಸುತ್ತಿದ್ದಾರೆ. ಅವರನ್ನು ನೋಡಿ ಬಂದ ನಮ್ಮ ಹುಡುಗರು ಊರಿನ ಹೈಮಾಸ್ಟ್ ದೀಪದ ಬಗ್ಗೆ ಪಂಚಾಯಿತಿಗೆ ಅರ್ಜಿ ಬರೆದರೆ ನನಗೆ ಆಶ್ಚರ್ಯವಿಲ್ಲ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ನನ್ನ ತರಗತಿಗಳಲ್ಲಿ ಈಗ ಹುಡುಗಿಯರೇ ಹೆಚ್ಚು. ಅವರಲ್ಲಿ ಬಹುಪಾಲು ಹಾಸ್ಟೆಲಿನವರು. ಹಾಸ್ಟೆಲಿನ ಗೇಟು ಸಂಜೆಗೇ ಬೀಗ. ವಾರಗಟ್ಟಲೆ ತಯಾರಿ ಮಾಡಿ, ನಕ್ಷೆಗಳನ್ನೆಲ್ಲ ಬಿಡಿಸಿಟ್ಟುಕೊಂಡಿದ್ದ ಒಬ್ಬ ವಿದ್ಯಾರ್ಥಿನಿಗೆ ರಾತ್ರಿ ಹೊರಗಿರುವ ಅನುಮತಿ ಸಿಗಲಿಲ್ಲ. ಅವಳ ತಯಾರಿಯ ಹಾಳೆಗಳನ್ನು ಹಿಡಿದು ಹುಡುಗರು ಹೋಗಿ ಬಂದರು. ಪತ್ರ ಬರೆದವಳು ನಾನು, ಕಚೇರಿಗೆ ಅಲೆದವಳು ನಾನು, ಉತ್ತರ ಬಂದದ್ದು ಮಾತ್ರ ಸುರಕ್ಷತೆಯ ಕಾರಣ ಎಂಬ ಎರಡು ಪದದಲ್ಲಿ. ನನಗೆ ಇವತ್ತಿಗೂ ಅದರ ಸಿಟ್ಟು ಆರಿಲ್ಲ. ಅತಿಥಿಗೃಹ, ಕಾವಲು, ಅಧ್ಯಾಪಕರ ಜೊತೆ ಎಲ್ಲ ಇರುವ ವೀಕ್ಷಣಾಲಯ ಅಸುರಕ್ಷಿತವಲ್ಲ. ರಾತ್ರಿ ಹೆಣ್ಣುಮಕ್ಕಳದಲ್ಲ ಎಂಬ ಹಳೆಯ ನಂಬಿಕೆಯೇ ಇಲ್ಲಿ ನಿಯಮದ ವೇಷದಲ್ಲಿ ಕೂತಿದೆ. ನಾನು ಈ ಅಭ್ಯಾಸವನ್ನು ಐಚ್ಛಿಕವಾಗಿ ಅಲ್ಲ, ಪಠ್ಯದ ಕಡ್ಡಾಯ ಭಾಗವಾಗಿ ಕೇಳುತ್ತಿರುವುದಕ್ಕೆ ದೊಡ್ಡ ಕಾರಣ ಇದೇ. ಐಚ್ಛಿಕವಾದರೆ ಅನುಮತಿ ಬೇಡಬೇಕು. ಪಠ್ಯವಾದರೆ ಕಳಿಸುವ ಹೊಣೆ ವಿಶ್ವವಿದ್ಯಾಲಯದ ಮೇಲೆ ಬೀಳುತ್ತದೆ; ಬಸ್ಸು, ವಿಮೆ, ಜೊತೆಗೊಬ್ಬ ಅಧ್ಯಾಪಕಿ, ಎಲ್ಲವನ್ನೂ ಅದೇ ಏರ್ಪಡಿಸಬೇಕು.

ದೊಡ್ಡ ಟೆಲಿಸ್ಕೋಪಿನ ಸಮಯ ದುಬಾರಿ, ಸಂಶೋಧಕರಿಗೇ ಸಾಲದು ಎಂಬ ಆಕ್ಷೇಪ ನ್ಯಾಯವಾದದ್ದೇ. ಸಮಯ ಬೇಡುವ ಅರ್ಜಿಗಳು ಇರುವ ರಾತ್ರಿಗಳಿಗಿಂತ ಹೆಚ್ಚು, ಅದನ್ನು ಹಂಚಲೆಂದೇ ಸಮಿತಿಗಳಿವೆ. ಆದರೆ ಎಲ್ಲರೂ ಕಿತ್ತಾಡುವುದು ಅಮಾವಾಸ್ಯೆಯ ಆಸುಪಾಸಿಗೆ. ಮಂಕು ಗ್ಯಾಲಕ್ಸಿಗಳನ್ನು ಹುಡುಕುವವರಿಗೆ ಹುಣ್ಣಿಮೆಯ ಬೆಳಕು ಬೇಡ. ನಾನು ಹೇಳಿದ ಡಬ್ಲ್ಯು ಉರ್ಸೆ ಮೇಜೊರಿಸ್ ಒಂದು ಸಾಧಾರಣ ಬೈನಾಕ್ಯುಲರಿಗೂ ಕಾಣುವಷ್ಟು ಪ್ರಕಾಶವುಳ್ಳದ್ದು. ಅದಕ್ಕೆ ಬೆಳದಿಂಗಳು ಅಡ್ಡಿಯಲ್ಲ, ಎರಡು ಮೀಟರಿನ ಕನ್ನಡಿಯೂ ಬೇಕಿಲ್ಲ. ಕವಲೂರಿನ ಚಿಕ್ಕ ಟೆಲಿಸ್ಕೋಪುಗಳಲ್ಲಿ ಬೆಳದಿಂಗಳ ಕೆಲವು ರಾತ್ರಿಗಳನ್ನು ವಿಶ್ವವಿದ್ಯಾಲಯಗಳ ಹೆಸರಿಗೆ ಮೀಸಲಿಟ್ಟರೆ ಯಾರ ಸಂಶೋಧನೆಯೂ ಸೊರಗುವುದಿಲ್ಲ. ವಿದ್ಯಾರ್ಥಿಗಳೂ ಪುಕ್ಕಟೆ ಕೇಳಬಾರದು. ಸಂಶೋಧಕರಂತೆ ಅರ್ಜಿ ಬರೆಯಲಿ, ಯಾಕೆ, ಯಾವಾಗ, ಎಷ್ಟು ಗಂಟೆ ಎಂದು ಸಮಿತಿಗೆ ಒಪ್ಪಿಸಲಿ, ತಿರಸ್ಕೃತವಾದರೆ ತಿದ್ದಿ ಮತ್ತೆ ಬರೆಯಲಿ.

ಮೋಡ ಬಂದರೆ? ಬರುತ್ತದೆ. ಹಾನ್ಲೆಯಲ್ಲಿ ವರ್ಷಕ್ಕೆ 250ಕ್ಕೂ ಹೆಚ್ಚು ರಾತ್ರಿ ಕೆಲಸಕ್ಕೆ ಸಿಗುತ್ತದೆ, ಕವಲೂರಿನ ಅದೃಷ್ಟ ಅಷ್ಟಿಲ್ಲ. ಅದಕ್ಕೇ ಅಂಕಗಳನ್ನು ಫಲಿತಾಂಶಕ್ಕೆ ಕೊಡಬಾರದು, ತಯಾರಿಯ ಹಾಳೆಗೂ ರಾತ್ರಿಯ ಲಾಗ್ ಪುಸ್ತಕಕ್ಕೂ ಕೊಡಬೇಕು. ಎಷ್ಟು ಗಂಟೆಗೆ ಮೋಡ ಕವಿಯಿತು, ಯಾವ ಚಿತ್ರದಲ್ಲಿ ಗೈಡಿಂಗ್ ಜಾರಿತು, ಯಾಕೆ ಗುರಿ ಬದಲಿಸಿದೆವು ಎಂದು ಇದ್ದದ್ದನ್ನು ಇದ್ದಂತೆ ಬರೆದ ಲಾಗ್ ನನ್ನ ಕಣ್ಣಿಗೆ ಚಂದದ ಗ್ರಾಫಿಗಿಂತ ಮೇಲು. ಮಾಮೂಲಿ ಪ್ರಯೋಗಾಲಯದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ರೀಡಿಂಗನ್ನು ಅದಕ್ಕೆ ಹೊಂದಿಸುವ ಅಭ್ಯಾಸ ಪಿಯುಸಿಯಿಂದಲೇ ಅಂಟಿಬಿಡುತ್ತದೆ. ನಿನ್ನೆಯ ರಾತ್ರಿಯ ಆಕಾಶಕ್ಕೆ ಯಾವ ಗೈಡ್ ಪುಸ್ತಕದಲ್ಲೂ ಉತ್ತರವಿಲ್ಲ.

ಕವಲೂರಿನ ಒಳ್ಳೆಯ ತಿಂಗಳುಗಳು ಜನವರಿಯಿಂದ ಏಪ್ರಿಲ್. ಪಠ್ಯ ಸಮಿತಿಗಳು ಈ ಪತ್ರಿಕೆಯನ್ನು ಆ ತಿಂಗಳುಗಳಲ್ಲಿ ನಡೆಯುವ ಸೆಮಿಸ್ಟರಿಗೆ ಇಡಲಿ, ಅರ್ಜಿ ಬರೆಯುವ ಕೆಲಸವನ್ನು ಅದರ ಹಿಂದಿನ ಸೆಮಿಸ್ಟರಿನಲ್ಲೇ ಮುಗಿಸಲಿ, ಹಾಸ್ಟೆಲಿಗೆ ಹೋಗಬೇಕಾದ ಸುತ್ತೋಲೆಯನ್ನು ಕುಲಸಚಿವರು ವರ್ಷದ ಮೊದಲ ವಾರದಲ್ಲೇ ಹೊರಡಿಸಲಿ.