ಗೃಹವಿಚಾರ: ಮರಗಪ್ಪೆಯ ನೀರು, ಮೀನಿನ ನೀರು



ಕಾಳೀನದಿಯ ಉತ್ತರದಂಡೆಯಲ್ಲಿರುವ ನಮ್ಮ ಚಿತ್ತಾಕುಲದಲ್ಲಿ ಮೃಗಶಿರದ ಮಳೆ ಹಿಡಿಯಿತೆಂದರೆ ಬಚ್ಚಲುಮನೆಯ ಗೋಡೆಯ ಮೇಲೆ ಮರಗಪ್ಪೆಗಳು ಕಾಣಿಸಿಕೊಳ್ಳುವುವು. ಬೆರಳುಗಳ ತುದಿಯಲ್ಲಿ ದುಂಡನೆಯ ಬಿಲ್ಲೆಗಳಿರುವುದರಿಂದ ಅವು ನುಣುಪಾದ ಗೋಡೆಯನ್ನೂ ಏರಬಲ್ಲವು. ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗನು ಅಂಥದೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, "ಅಜ್ಜಾ, ಇದರೊಳಗೆ ಪುಟ್ಟ ಕೊಳ ಮಾಡಿ ಮೀನು ಬಿಡೋಣವೇ?" ಎಂದು ಕೇಳಿದನು. ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರವು ನನಗುಂಟು. ಏಕೆಂದರೆ ಆ ತಪ್ಪನ್ನು ಅವನಿಗಿಂತ ಮೊದಲು ಮಾಡಿದವನು ನಾನೇ.

ನಮ್ಮ ಹಿತ್ತಲಿನ ಬಾವಿಯ ಬಳಿ ಹಳೆಯ ಕಲ್ಲುಮರಿಗೆಯೊಂದಿದೆ. ಅದರ ಮೇಲೆ ದಾಸವಾಳದ ಕೊಂಬೆ ಬಾಗಿದೆ. ಮರಗಪ್ಪೆಯು ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ನೀರಿನ ಮೇಲೆ ಬಾಗಿದ ಎಲೆಗೋ ಗೋಡೆಗೋ ಅಂಟಿದಂತೆ, ತಾನು ಸ್ರವಿಸಿದ ಲೋಳೆಯನ್ನು ಹಿಂಗಾಲುಗಳಿಂದ ಕಡೆದು ನೊರೆಯ ಗೂಡು ಮಾಡಿ, ಅದರೊಳಗೆ ಇಡುತ್ತದೆ. ಗೂಡಿನ ಹೊರಮೈ ಒಣಗಿದರೂ ಒಳಗಿನ ತೇವವು ಆರುವುದಿಲ್ಲ. ಕೆಲವು ದಿನಗಳ ತರುವಾಯ ನೊರೆಯು ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುವುವು. ಘಟ್ಟದ ಕಾಡಿನ ದೊಡ್ಡ ಹಸಿರು ಹಾರುಗಪ್ಪೆಯ ರೀತಿಯೂ ಹೀಗೆಯೇ. 1870ರಲ್ಲಿ ಜೆರ್ಡನ್ ಎಂಬ ವಿದ್ವಾಂಸನು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದನು.

ಆ ಮರಿಗೆಯಲ್ಲಿ ಸೊಳ್ಳೆಯಾದೀತೆಂದು ಹೆದರಿ, ನಾಲ್ಕು ವರ್ಷಗಳ ಹಿಂದೆ ನಾನು ಗಂಬೂಸಿಯ ಮೀನುಗಳನ್ನು ಬಿಟ್ಟೆನು. ಸೊಳ್ಳೆಯ ಮರಿಗಳನ್ನು ತಿನ್ನುವುವೆಂದು 1928ರಲ್ಲಿ ಹೊರದೇಶದಿಂದ ನಮ್ಮ ದೇಶಕ್ಕೆ ತಂದ ಮೀನಿದು. ಆ ಆಷಾಢದಲ್ಲಿ ಕೊಂಬೆಯ ಮೇಲೆ ಗೂಡು ಕಟ್ಟಿತು. ಒಂದು ರಾತ್ರಿಯ ಮಳೆಗೆ ಮರಿಗಳು ಉದುರಿದುವು. ಮರುದಿನ ಮುಂಜಾನೆ ನೋಡಿದರೆ ಬಾಲ ಕಚ್ಚಿಸಿಕೊಂಡ ನಾಲ್ಕಾರು ಮರಿಗಳ ಹೊರತು ಏನೂ ಉಳಿದಿರಲಿಲ್ಲ. ಸಂಜೆಗೆ ಅವೂ ಇಲ್ಲವಾದುವು. ತಾಯಿಯು ನೀರನ್ನು ನೋಡಿಯೇ ಕೊಂಬೆಯನ್ನು ಆರಿಸಿತ್ತು. ಆ ನೀರೊಳಗೆ ಶತ್ರುವನ್ನಿಟ್ಟವನು ನಾನು.

ಆದಕಾರಣ ನಾನು ಮೊಮ್ಮಗನಿಗೆ ಹೇಳಿದುದಿಷ್ಟು. ಮೀನು ಮತ್ತು ಮರಗಪ್ಪೆ ಒಂದೇ ನೀರಿನ ಒಕ್ಕಲುಗಳಲ್ಲ. ಕಪ್ಪೆಯು ಚರ್ಮದ ಮೂಲಕವೇ ನೀರನ್ನು ಹೀರುವುದರಿಂದ, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಮೀನಿನ ಮಲದಿಂದ ಕೆಟ್ಟ ನೀರು ಅದಕ್ಕೆ ವಿಷಪ್ರಾಯ. ಗಾಜಿಗಿಂತ ಹಿತ್ತಲೇ ಅದಕ್ಕೆ ಲೇಸು. ಅಲ್ಲಿ ನೀರಿಡಬಯಸುವವರು ನೆರಳಿನಲ್ಲಿ, ಕೊಂಬೆಯ ಕೆಳಗೆ ಇಡತಕ್ಕದ್ದು. ಒಂದು ಅಂಚಿಗೆ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಬೇಕು. ಇಲ್ಲವಾದರೆ ಕಾಲು ಮೂಡಿ ಬಾಲ ಕರಗುವ ಹೊತ್ತಿನಲ್ಲಿ ಮರಿಗಳು ದಡ ಸಿಗದೆ ಮುಳುಗಿ ಸಾಯುವುವು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ಹಾಕಬೇಕು. ನದೀಮುಖದ ಊರುಗಳಲ್ಲಿ ಬಾವಿಯ ನೀರಿಗೆ ಉಪ್ಪು ಸೇರಿದ್ದರೆ ಅದನ್ನು ಬಳಸಲೇಬಾರದು. ಮಳೆಯ ನೀರೇ ಉತ್ತಮ.

"ಹಾಗಾದರೆ ಸೊಳ್ಳೆ?" ಎಂದು ಗೃಹಿಣಿಯರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಡೆಂಗೀಜ್ವರದ ಸೊಳ್ಳೆಯು ಮನೆಯ ತಿಳಿನೀರಿನಲ್ಲಿಯೇ ಬೆಳೆಯುವುದು. ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ಸುಮಾರು 7ರಿಂದ 10 ದಿನಗಳು ಸಾಕು. ಆದುದರಿಂದ ಗೂಡಾಗಲಿ ಗೊದಮೊಟ್ಟೆಯಾಗಲಿ ಇಲ್ಲದಿದ್ದರೆ ವಾರಕ್ಕೊಮ್ಮೆ ಮರಿಗೆಯನ್ನು ಬರಿದುಮಾಡಿ ತಿಕ್ಕಬೇಕು. ಇದ್ದರೆ, ಎರಡು ದಿನಗಳಿಗೊಮ್ಮೆ ಚಹಾ ಸೋಸುವ ಜಾಳಿಗೆಯಿಂದ ಮೇಲೆ ತೇಲುವ ಸೊಳ್ಳೆಯ ಮರಿಗಳನ್ನು ಎತ್ತಿ ತೆಗೆಯಬೇಕು. ಇಷ್ಟು ಶ್ರಮಕ್ಕೆ ಪುರುಸೊತ್ತಿಲ್ಲದವರು ತೆರೆದ ನೀರನ್ನು ಇಡದಿರುವುದೇ ಮೇಲು.

ಋಗ್ವೇದದ ಏಳನೆಯ ಮಂಡಲದಲ್ಲಿ ಮಂಡೂಕಸೂಕ್ತವೊಂದುಂಟು. ಒಂದು ಕಪ್ಪೆಯ ದನಿಗೆ ಇನ್ನೊಂದು ದನಿಗೂಡಿಸುವುದನ್ನು ಅಲ್ಲಿಯ ಋಷಿಯು ಗುರುವಿನ ಮಾತನ್ನು ಶಿಷ್ಯನು ಮರುನುಡಿಯುವುದಕ್ಕೆ ಹೋಲಿಸಿರುವನು. ಮೂವತ್ತು ವರ್ಷ ಮಕ್ಕಳಿಂದ ಪಾಠ ಒಪ್ಪಿಸಿಕೊಂಡ ನನಗೆ ಆ ಹೋಲಿಕೆ ಬಹು ಪ್ರಿಯ. ಆದರೆ ಈ ವಿಷಯದಲ್ಲಿ ಪಾಠ ಕಲಿತವನು ಗುರುವೇ.

ಮೊಮ್ಮಗನು ಅಂದೇ ಸಂಜೆ ಪೆಟ್ಟಿಗೆಯನ್ನು ದಾಸವಾಳದ ಬುಡದಲ್ಲಿ ತೆರೆದನು. ಮೀನುಗಳನ್ನು ಬೇರೊಂದು ಮುಚ್ಚಿದ ತೊಟ್ಟಿಗೆ ಸಾಗಿಸಿದೆವು. ಈ ವರ್ಷ ಮರಿಗೆಯ ಮೇಲೆ ಎರಡು ನೊರೆಗೂಡುಗಳಾದುವು. ನಿನ್ನೆ ಇಳಿಜಾರಿನ ಕಲ್ಲಿನ ಮೇಲೆ, ಇನ್ನೂ ಚೋಟುಬಾಲವುಳ್ಳ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪೆಯೊಂದು ಕುಳಿತಿತ್ತು. ಜಾಳಿಗೆಯನ್ನು ಹಿಡಿದಿದ್ದ ನಾನು ಅದು ಎಲೆಯ ಮೇಲಕ್ಕೆ ಏರುವವರೆಗೆ ಅಲ್ಲಿಂದ ಕದಲಲಿಲ್ಲ.